ಲಾಕ್ ಪಿಕಿಂಗ್ ಹವ್ಯಾಸ ಶುರು ಮಾಡುವವರಿಗೆ: ಮೊದಲ ಉಪಕರಣ ಆರಿಸುವುದು ಹೇಗೆ?

ಲಾಕ್ ಪಿಕಿಂಗ್ ಅಂದರೆ ಕೀ ಇಲ್ಲದೆ, ತೆಳು ಕಡ್ಡಿಗಳಿಂದ ಬೀಗ ತೆರೆಯುವ ಹವ್ಯಾಸ. ಆನ್‌ಲೈನ್ ಅಂಗಡಿಯಲ್ಲಿ ‘ಲಾಕ್ ಪಿಕ್ ಸೆಟ್’ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಕಪ್ಪು ಪೌಚು. ಒಳಗೆ ಇಪ್ಪತ್ತಕ್ಕೂ ಜಾಸ್ತಿ ಕಡ್ಡಿಗಳು. ಜೊತೆಗೆ ಒಳಗಿನದೆಲ್ಲ ಕಾಣುವ ಒಂದು ಪ್ಲಾಸ್ಟಿಕ್ ಬೀಗ. ಬೆಲೆ ಕಡಿಮೆ, ಸಾಮಾನು ತುಂಬಾ. ಹೊಸಬರು ಅದನ್ನೇ ಆರ್ಡರ್ ಮಾಡುತ್ತಾರೆ. ಆದರೆ ಅದರಲ್ಲಿ ದಿನಾ ಕೈಗೆ ಬರುವುದು ಮೂರೋ ನಾಲ್ಕೋ ಅಷ್ಟೇ. ಆ ಮೂರು ನಾಲ್ಕೂ ಮೆತ್ತನೆ ಉಕ್ಕಿನವಾದರೆ ಬೀಗದೊಳಗಿನ ಒಂದು ಬಿಗಿಯಾದ ಪಿನ್ ಎತ್ತಲು ಹೋದಾಗಲೇ ಬಾಗುತ್ತವೆ. ಕಲಿಯುವವರು ತಪ್ಪು ತಮ್ಮ ಕೈಯದು ಅಂದುಕೊಂಡು ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ರಮ ಉಲ್ಟಾ ಇದೆ. ಮೊದಲು ಬೀಗ ಕೊಳ್ಳಿ. ಅದರ ಕಂಡಿ, ಅಂದರೆ ಕೀ ತೂರಿಸುವ ಸಂದು, ಅಳೆಯಿರಿ. ಆಮೇಲೆ ಬೀಗವನ್ನು ಮೆಲ್ಲಗೆ ತಿರುಗಿಸಿ ಹಿಡಿಯುವ ಬಾಗಿದ ಕಡ್ಡಿ, ಅಂದರೆ ಟೆನ್ಷನ್ ರೆಂಚ್. ಕೊನೆಗೆ ಪಿಕ್, ಅದೂ ಎರಡೋ ಮೂರೋ.

ಹಳೆಯ ದೊಡ್ಡವರು ಮಾಡಿದ್ದೂ ಇದನ್ನೇ. ಲಂಡನ್ನಿನಲ್ಲಿ ಬ್ರಾಮಾ ಕಂಪನಿಯ ಬೀಗವೊಂದು ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿ ಸವಾಲಾಗಿ ಕೂತಿತ್ತು. ತೆರೆದವರಿಗೆ 200 ಗಿನಿ (ಆಗಿನ ಇಂಗ್ಲಿಷ್ ಹಣ) ಬಹುಮಾನ. 1851ರಲ್ಲಿ, ಅಲ್ಲಿನ ಮಹಾ ವಸ್ತುಪ್ರದರ್ಶನದ ಸಮಯದಲ್ಲಿ, ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಅದನ್ನು ತೆರೆದೇಬಿಟ್ಟರು. 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ. ಅದಕ್ಕೆ ಬೇಕಾದ ಉಪಕರಣಗಳನ್ನು ಆ ಬೀಗಕ್ಕೆಂದೇ ಮಾಡಿಕೊಂಡಿದ್ದರು.

ಎರಡು ನಿಯಮ

ಲೋಕದ ಎಲ್ಲ ಲಾಕ್ ಪಿಕಿಂಗ್ ಕ್ಲಬ್ಬುಗಳಲ್ಲೂ ಮೊದಲು ಹೇಳಿಕೊಡುವುದು ಇವನ್ನೇ. ಒಂದು, ನಿಮ್ಮದಲ್ಲದ ಬೀಗವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಎರಡು, ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡಿ, ಅದು ನಿಮ್ಮದೇ ಆದರೂ ಸರಿ. ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪಿಕ್ ಮಾಡುವಾಗ ಪಿನ್ನುಗಳು ಸವೆಯುತ್ತವೆ, ಸ್ಪ್ರಿಂಗ್ ಸಿಕ್ಕಿಹಾಕಿಕೊಳ್ಳಬಹುದು. ರಾತ್ರಿ ಹತ್ತಕ್ಕೆ ಮನೆಯ ಮುಂಬಾಗಿಲಿನ ಬೀಗ ಕೆಟ್ಟು ಕೂತರೆ ಕಷ್ಟ ಅಲ್ವಾ?

ಇದು ಗೌರವದ ಹವ್ಯಾಸ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1997ರಲ್ಲೇ ಇದಕ್ಕೊಂದು ಕ್ರೀಡಾ ಸಂಘ ಹುಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಶುರುವಾದ ‘ಟೂಲ್’ ಸಂಸ್ಥೆಯ ಶಾಖೆಗಳು ಅಮೆರಿಕದಲ್ಲೂ ಇವೆ. ಅಲ್ಲಿನ ಭೇಟಿಗಳಲ್ಲಿ ಹೊಸಬರ ಕೈಗೆ ಪಿಕ್ ಕೊಟ್ಟು ಕಲಿಸುತ್ತಾರೆ. ಹೊರದೇಶದಲ್ಲಿ ಇರುವವರು ಕೊಳ್ಳುವ ಮೊದಲು ಅಂಥ ಒಂದು ಭೇಟಿಗೆ ಹೋಗಿಬನ್ನಿ. ನಾಲ್ಕು ಬಗೆಯ ಪಿಕ್ ಹಿಡಿದು ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಸರಿಯಾದ ಕಾರಣವಿಲ್ಲದೆ ಮನೆಗಳ್ಳತನದ ಸಲಕರಣೆ ಇಟ್ಟುಕೊಂಡು ಸಿಕ್ಕರೆ ಅಪರಾಧ. ಪಿಕ್‌ಗಳು ಮನೆಯ ಮೇಜಿನ ಮೇಲೆ ಇರಲಿ, ಬೈಕಿನ ಡಬ್ಬಿಯಲ್ಲಿ ಬೇಡ. ಜಪಾನಿನಲ್ಲಿ 2003ರ ಕಾನೂನಿನಿಂದಾಗಿ ಸರಿಯಾದ ಕಾರಣವಿಲ್ಲದೆ ಇವನ್ನು ಇಟ್ಟುಕೊಳ್ಳುವುದೇ ತಪ್ಪು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ತೊಂದರೆಯಿಲ್ಲ, ಆದರೆ ನೆವಾಡಾ, ವರ್ಜೀನಿಯಾದಂಥ ಕಡೆ ನಿಯಮ ಬಿಗಿ. ನೀವಿರುವ ಊರಿನ ಕಾನೂನು ನೋಡಿಕೊಂಡೇ ಆರ್ಡರ್ ಮಾಡಿ.

ಬೀಗದ ಒಳಗೆ ನಡೆಯುವುದೇನು?

ಇದು ಗೊತ್ತಿಲ್ಲದೆ ಉಪಕರಣ ಆರಿಸಲು ಆಗುವುದಿಲ್ಲ. ಹೊಸಬರು ಕಲಿಯುವುದು ಪಿನ್ ಬೀಗದ ಮೇಲೆ. ಈಗಿನ ಚಪ್ಪಟೆ ಕೀ ಇರುವ ಪಿನ್ ಬೀಗಕ್ಕೆ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್, 1860ರ ದಶಕದಲ್ಲಿ. ಅದರಲ್ಲಿ ಕೀ ಜೊತೆ ತಿರುಗುವ ಒಂದು ಉರುಟು ಭಾಗವಿದೆ, ಅದು ಪ್ಲಗ್. ಸುತ್ತ ಇರುವ ದೇಹ ತಿರುಗುವುದಿಲ್ಲ. ಇವೆರಡನ್ನೂ ಹಾಯ್ದು ಸಾಲಾಗಿ ನಾಲ್ಕೋ ಐದೋ ರಂಧ್ರಗಳು. ಪ್ರತಿ ರಂಧ್ರದಲ್ಲಿ ಎರಡು ಪಿನ್, ಅದರ ಹಿಂದೆ ಒಂದು ಸ್ಪ್ರಿಂಗ್. ಎರಡು ಪಿನ್ನುಗಳು ಸೇರುವ ಜಾಗ ಪ್ಲಗ್‌ನ ಅಂಚಿಗೆ ಸರಿಯಾಗಿ ಬಂದರೆ ಪ್ಲಗ್ ತಿರುಗುತ್ತದೆ. ಕೀ ಮಾಡುವುದು ಇಷ್ಟೇ: ಎಲ್ಲ ಜೋಡಿಗಳನ್ನೂ ಒಟ್ಟಿಗೆ ಆ ಗೆರೆಗೆ ತರುವುದು.

ಕಾರ್ಖಾನೆಯಲ್ಲಿ ಆ ರಂಧ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೊರೆಯಲು ಆಗುವುದಿಲ್ಲ. ಹಾಗಾಗಿ ಪ್ಲಗ್ಗನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯಾಗುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಗೆರೆಗೆ ಎತ್ತಿದರೆ ಸಣ್ಣ ‘ಟಿಕ್’ ಬರುತ್ತದೆ, ಪ್ಲಗ್ ಒಂದು ಎಳೆ ತಿರುಗುತ್ತದೆ, ಮುಂದಿನ ಪಿನ್ ಬಿಗಿಯುತ್ತದೆ. ತಿರುಗಿಸಿ ಹಿಡಿಯುವುದು ಟೆನ್ಷನ್ ರೆಂಚ್. ಪಿನ್ ಎತ್ತುವುದು ಪಿಕ್. ಆ ‘ಟಿಕ್’ ಬೆರಳಿಗೆ ತಲುಪಬೇಕು. ಒಳ್ಳೆ ಉಪಕರಣ, ಕೆಟ್ಟ ಉಪಕರಣ ಅನ್ನುವ ವ್ಯತ್ಯಾಸವೆಲ್ಲ ಈ ಒಂದು ವಿಷಯದಲ್ಲಿದೆ.

ಹೆಜ್ಜೆ 1: ಬೀಗ ಆರಿಸಿ

ನಮ್ಮಲ್ಲಿ ಎಲ್ಲರೂ ಎಡವುವ ಜಾಗ ಇದು. ಪಕ್ಕದ ಅಂಗಡಿಯಲ್ಲಿ ಸಿಗುವ ಬಾಗಿಲ ಬೀಗಗಳಲ್ಲಿ ಬಹಳಷ್ಟು ಲಿವರ್ ಬೀಗಗಳು. ಅಲೀಗಢದಿಂದ ಬರುವ ಅಗ್ಗದ ಬೀಗಗಳು, 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗ, ಡಬ್ಬಿಯ ಮೇಲೆ ‘7 ಲಿವರ್’ ಅಂತ ಬರೆದಿರುವ ಗೋದ್ರೇಜ್ ನವ್‌ತಾಲ್, ಇವುಗಳ ಒಳಗೆ ಪಿನ್ನುಗಳ ಬದಲು ತಗಡಿನ ಲಿವರ್‌ಗಳಿರುತ್ತವೆ. ಅವಕ್ಕೆ ಬೇಕಾದ ಉಪಕರಣವೇ ಬೇರೆ. ತುದಿ ಕೊಕ್ಕೆಯಂತೆ ಬಾಗಿದ ಹುಕ್ ಪಿಕ್ ಹಿಡಿದು ಅವುಗಳ ಮುಂದೆ ಕೂತರೆ ವಾರಗಟ್ಟಲೆ ಏನೂ ಆಗುವುದಿಲ್ಲ.

ಗುರುತಿಸುವುದು ಸುಲಭ. ಡಬ್ಬಿ ಮೇಲೆ ಅಥವಾ ಬೀಗದ ಮೈಮೇಲೆ ‘ಲಿವರ್’ ಅಂತಿದ್ದರೆ ಸದ್ಯಕ್ಕೆ ಬೇಡ. ಕೀ ನೋಡಿ. ಒಂದು ಅಂಚಿನಲ್ಲಿ ಉದ್ದಕ್ಕೂ ಗರಗಸದ ಹಲ್ಲಿನಂಥ ತಗ್ಗು ದಿಣ್ಣೆ, ಮೈಮೇಲೆ ಉದ್ದುದ್ದ ತೋಡು, ಕಂಡಿಯಲ್ಲಿ ಅಂಕುಡೊಂಕು ಗೆರೆ ಇದ್ದರೆ ಅದು ಪಿನ್ ಬೀಗ.

ಹೊರದೇಶದಲ್ಲಿ ಎಲ್ಲರೂ ಶುರು ಮಾಡುವುದು ಮಾಸ್ಟರ್ ಲಾಕ್ ನಂಬರ್ 3ರಿಂದ. ಉಕ್ಕಿನ ಹಾಳೆಗಳನ್ನು ಪೇರಿಸಿ ಮಾಡಿದ, ನಾಲ್ಕು ಪಿನ್ನಿನ ಬೀಗ, ಅಗಲವಾದ ಕಂಡಿ. ಅದರ ನಂತರ ಅದೇ ಕಂಪನಿಯ ಹಿತ್ತಾಳೆಯ 140. ಇದರಲ್ಲೂ ನಾಲ್ಕೇ ಪಿನ್, ಆದರೆ ಕೆಲವು ಪಿನ್ನುಗಳ ನಡು ಸಣ್ಣದಾಗಿ ದಾರ ಸುತ್ತುವ ರೀಲಿನ ಆಕಾರದಲ್ಲಿರುತ್ತದೆ, ಅವು ಸ್ಪೂಲ್ ಪಿನ್. ಇಲ್ಲಿ ಕರ್ನಾಟಕದಲ್ಲಿ ಇರುವವರಿಗೆ ನನ್ನ ಮೊದಲ ಆಯ್ಕೆ ಬೇರೆ: ಬಾಗಿಲ ಹ್ಯಾಂಡಲ್ ಒಳಗೆ ಕೂರುವ 60 ಮಿಲಿಮೀಟರ್ ಹಿತ್ತಾಳೆ ಸಿಲಿಂಡರ್. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಎರಡು ಕಡೆಯಿಂದ ಕೀ ಹಾಕುವಂಥದ್ದು ತಗೊಳ್ಳಿ. ಒಂದೇ ದುಡ್ಡಿಗೆ ಎರಡು ಅಭ್ಯಾಸದ ಮುಖ ಸಿಗುತ್ತದೆ.

ಅಂಗಡಿಯಲ್ಲಿ ಕೀ ತೆಗೆಸಿ ನೋಡಿ. ತಗ್ಗುಗಳು ಎಲ್ಲ ಹೆಚ್ಚುಕಡಿಮೆ ಒಂದೇ ಆಳದಲ್ಲಿ ಇದ್ದರೆ ಹೊಸಬರಿಗೆ ಒಳ್ಳೆಯದು. ಮುಂದಿನ (ಕೀಯ ಹಿಡಿಗೆ ಹತ್ತಿರದ) ತಗ್ಗು ಬಹಳ ಆಳ, ಅದರ ಹಿಂದಿನದು ಬಹಳ ಮೇಲೆ ಅಂತಿದ್ದರೆ, ಮುಂದಿನ ಪಿನ್ನಿಗೆ ತಾಗದಂತೆ ಹಿಂದಿನದನ್ನು ಎತ್ತಬೇಕಾಗುತ್ತದೆ. ಅದಕ್ಕೆ ಉದ್ದ ಮೂತಿಯ ಹುಕ್ ಬೇಕು, ಕೈಯೂ ಪಳಗಿರಬೇಕು. ನಾಲ್ಕು ಡಬ್ಬಿ ಬಿಚ್ಚಿಸಿದರೆ ಅಂಗಡಿಯವರು ಗೊಣಗಬಹುದು, ಪರವಾಗಿಲ್ಲ.

ಪಾರದರ್ಶಕ ಪ್ಲಾಸ್ಟಿಕ್ ಬೀಗದ ಬಗ್ಗೆ ಒಂದು ಮಾತು. ಪಿನ್ ಹೇಗೆ ಚಲಿಸುತ್ತದೆ ಅಂತ ಒಂದು ಸಂಜೆ ನೋಡಲು ಅದು ಚೆನ್ನ. ಆದರೆ ಕಣ್ಣು ನೋಡುತ್ತಿದ್ದರೆ ಬೆರಳು ಕಲಿಯುವುದಿಲ್ಲ. ಅದರ ಅಳತೆಗಳು ಎಷ್ಟು ಸಡಿಲ ಅಂದರೆ ‘ಟಿಕ್’ ಸರಿಯಾಗಿ ಬರುವುದೂ ಇಲ್ಲ.

ಹೆಜ್ಜೆ 2: ಕಂಡಿ ಅಳೆಯಿರಿ

ಆಟೋಮೊಬೈಲ್ ಅಂಗಡಿಯಲ್ಲಿ ಫೀಲರ್ ಗೇಜ್ ಕೊಳ್ಳಿ. ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿಮಾಡಲು ಬಳಸುವ, ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಗೊಂಚಲು. ಪ್ರತಿ ಎಲೆಯ ಮೇಲೂ ಅದರ ದಪ್ಪ ಕೆತ್ತಿರುತ್ತದೆ. ಎಲೆಯ ಮೂಲೆಯನ್ನು ಕಂಡಿಯ ಬಾಯಿಗೆ, ಪಿನ್ನುಗಳಿರುವ ತುದಿಯಲ್ಲಿ ಇಟ್ಟು ನೋಡಿ. ಯಾವ ದಪ್ಪ ಅಲುಗಾಡದೆ ಕೂರುತ್ತದೆ? ಒಂದೇ ಎಲೆ ಸಾಲದಿದ್ದರೆ ಎರಡು ಸೇರಿಸಿ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ರೆಂಚ್ ಆರಿಸಲು ಬೇಕು.

ಆಮೇಲೆ ಕಂಡಿಯೊಳಗೆ ನೇರ ಟಾರ್ಚ್ ಬಿಟ್ಟು ನೋಡಿ. ಎಡಬಲದಿಂದ ಬಂದ ಏಣುಗಳು ನಡುಗೆರೆ ದಾಟಿ ಬಂದಿವೆಯೇ? ದಾಟಿಲ್ಲ ಅಂದರೆ 0.6 ಮಿಲಿಮೀಟರ್ ಪಿಕ್ ಆರಾಮಾಗಿ ಓಡಾಡುತ್ತದೆ. ದಾಟಿದ್ದರೆ 0.5 ಅಥವಾ 0.4 ಬೇಕು. ಯುರೋಪ್ ಮಾದರಿಯ ಸಿಲಿಂಡರ್‌ಗಳಲ್ಲಿ ಕಂಡಿ ಇಕ್ಕಟ್ಟಾಗಿರುವುದು ಜಾಸ್ತಿ. ಅಮೆರಿಕದ ಪಿಕ್‌ಗಳ ಅಳತೆ ಇಂಚಿನಲ್ಲಿ ಇರುತ್ತದೆ: 0.025 ಇಂಚು ಅಂದರೆ ಸುಮಾರು 0.6 ಮಿಲಿಮೀಟರ್, 0.018 ಅಂದರೆ ಸುಮಾರು 0.45, 0.015 ಅಂದರೆ ಸುಮಾರು 0.4.

ಹೆಜ್ಜೆ 3: ಟೆನ್ಷನ್ ರೆಂಚ್

ಹೊಸಬರು ಪಿಕ್ ಮೇಲೆ ಕಣ್ಣಿಡುತ್ತಾರೆ. ರೆಂಚ್ ಅಂದರೆ ಸುಮ್ನೆ ಬಾಗಿದ ಕಡ್ಡಿ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಬೀಗ ತೆರೆಯುವುದು ಮುಕ್ಕಾಲು ಪಾಲು ರೆಂಚೇ. ದುಡ್ಡು ಹಾಕುವುದಿದ್ದರೆ ಇಲ್ಲಿ ಮೊದಲು ಹಾಕಿ.

ರೆಂಚ್ ಕೂರುವುದು ಎರಡು ಜಾಗದಲ್ಲಿ. ಪಿನ್ನುಗಳಿರುವ ತುದಿಯಲ್ಲಿ, ಅಥವಾ ಅದರ ಎದುರು ತುದಿಯಲ್ಲಿ. ಮೊದಲನೆಯದಕ್ಕೆ ಟಿಒಕೆ (ಟಾಪ್ ಆಫ್ ಕೀವೇ, ಕಂಡಿಯ ಮೇಲ್ತುದಿ) ಅನ್ನುತ್ತಾರೆ, ಎರಡನೆಯದಕ್ಕೆ ಬಿಒಕೆ (ಬಾಟಮ್ ಆಫ್ ಕೀವೇ, ಕಂಡಿಯ ಕೆಳತುದಿ). ಯುರೋಪ್ ಮಾದರಿ ಸಿಲಿಂಡರನ್ನು ಪಿನ್ ಕೆಳಗೆ ಬರುವಂತೆ ಕೂರಿಸಿರುತ್ತಾರೆ, ಆಗಲೂ ಪಿನ್ ಕಡೆಯದ್ದೇ ಟಿಒಕೆ.

ಬಿಒಕೆ ಹಾಕುವುದು ಸುಲಭ, ಆದರೆ ಪಿಕ್ ಓಡಾಡುವ ಜಾಗವನ್ನೇ ತಿನ್ನುತ್ತದೆ. ಸಣ್ಣ ಕಂಡಿಯಲ್ಲಿ ಪಿಕ್ ಮತ್ತು ರೆಂಚ್ ಒಂದಕ್ಕೊಂದು ಉಜ್ಜಿ ಬೆರಳಿಗೆ ಸುಳ್ಳು ಸುದ್ದಿ ತಲುಪುತ್ತದೆ. ಟಿಒಕೆ ಕಂಡಿಯ ಬಾಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಕೆಳಗೆ ಪೂರ್ತಿ ಜಾಗ ಖಾಲಿ ಬಿಡುತ್ತದೆ. ಶುರುವಿನಿಂದಲೇ ಟಿಒಕೆ ರೂಢಿಸಿಕೊಳ್ಳಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 0.030, 0.040, 0.050 ಇಂಚು ದಪ್ಪದಲ್ಲಿ ಸಿಗುತ್ತವೆ, ಅಂದರೆ ಸುಮಾರು 0.75, 1 ಮತ್ತು 1.25 ಮಿಲಿಮೀಟರ್. ಫೀಲರ್ ಗೇಜ್ ಹೇಳಿದ ಸಂಖ್ಯೆಗೆ ಹತ್ತಿರದ್ದು ತಗೊಳ್ಳಿ. ಮೂರೂ ಇರುವ ಒಂದು ಸಣ್ಣ ಕಟ್ಟು ಕೊಂಡರೆ ಬಹಳ ಕಾಲಕ್ಕಾಯಿತು. ನಡುನಡುವೆ ಅಡ್ಡ ಹಲ್ಲು ಕೊರೆದ ರೆಂಚ್‌ಗಳೂ ಇವೆ, ಜಾರುವುದಿಲ್ಲ, ಚೆನ್ನಾಗಿರುತ್ತವೆ.

ಕೂರಿಸಿ ಪರೀಕ್ಷೆ ಮಾಡುವುದು ಹೀಗೆ. ರೆಂಚ್‌ನ ಗಿಡ್ಡ ಕಾಲನ್ನು ಕಂಡಿಗೆ ತೂರಿಸಿ ಕೈ ಬಿಡಿ. ಬೀಳಬಾರದು. ಬೆರಳಲ್ಲಿ ಅಲುಗಾಡಿಸಿದರೆ ಪ್ಲಗ್ ಜೊತೆಗೇ ಅಲುಗಬೇಕು, ರೆಂಚ್ ಮಾತ್ರ ಅಲುಗಿದರೆ ದಪ್ಪ ಸಾಲದು. ಇನ್ನು ಮೊದಲ ಪಿನ್ ಮುಟ್ಟಿ ನೋಡಿ. ಅದು ಸ್ಪ್ರಿಂಗ್ ಮೇಲೆ ಮೇಲಕ್ಕೂ ಕೆಳಕ್ಕೂ ಆಡದಿದ್ದರೆ ಕಾಲು ಉದ್ದವಾಗಿ ಪಿನ್ನಿಗೆ ಒತ್ತಿದೆ ಅಂತ ಅರ್ಥ. ಚಪ್ಪಟೆ ಅರದಲ್ಲಿ ತುದಿ ಒಂದಿಷ್ಟು ಸವೆಸಿ, ಮತ್ತೆ ಹಾಕಿ ನೋಡಿ. ಅರ ಹಿಡಿಯಲು ಹೆದರಬೇಡಿ. ಅನುಭವಿಗಳ ರೆಂಚ್‌ಗಳೆಲ್ಲ ಹೀಗೆ ತಿದ್ದಿದವೇ.

ಎಷ್ಟು ಬಲ ಬೇಕು? ಕಂಪ್ಯೂಟರ್ ಕೀಬೋರ್ಡಿನ ಒಂದು ಗುಂಡಿಯನ್ನು ಅರ್ಧ ಒತ್ತಿ ಹಿಡಿದಷ್ಟು. ಹೊಸಬರೆಲ್ಲ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಒತ್ತುತ್ತಾರೆ. ರೆಂಚ್ ಮತ್ತು ಪಿಕ್ ಎರಡೂ ಬಾಗಲು ಮುಖ್ಯ ಕಾರಣ ಇದೇ.

ರೆಂಚ್ ಪುಕ್ಕಟೆಯೂ ಸಿಗುತ್ತದೆ. ಕಾರಿನ ಹಳೇ ವೈಪರ್ ಬ್ಲೇಡಿನ ರಬ್ಬರ್ ಒಳಗೆ ಉದ್ದಕ್ಕೆ ಎರಡು ತೆಳು ಸ್ಟೇನ್‌ಲೆಸ್ ಪಟ್ಟಿಗಳಿರುತ್ತವೆ. ಯಾವುದೇ ಗ್ಯಾರೇಜಿನಲ್ಲಿ, ಬೆಂಗಳೂರಿನವರಾದರೆ ಜೆಸಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ. ಪಟ್ಟಿ ಎಳೆದು, ತುದಿಯನ್ನು ಇಕ್ಕಳದಲ್ಲಿ ಹಿಡಿದು, ನಿಧಾನವಾಗಿ 90 ಡಿಗ್ರಿ ಬಾಗಿಸಿ. ಅಂಚಿನ ಚೂಪು ಉಜ್ಜಿ ತೆಗೆಯಿರಿ. ಲೋಕದ ತುಂಬಾ ಈ ಹವ್ಯಾಸದವರು ಇದನ್ನು ಮಾಡುತ್ತಾರೆ.

ಹೆಜ್ಜೆ 4: ಪಿಕ್

ಎರಡು ಹುಕ್ ಸಾಕು. ಒಂದು ಗಿಡ್ಡ ಮೂತಿಯದು, ಇನ್ನೊಂದು ಸ್ವಲ್ಪ ಎತ್ತರದ ಮೂತಿಯದು. ಗಿಡ್ಡದರಲ್ಲಿ ಬಹುಪಾಲು ಬೀಗಗಳಾಗುತ್ತವೆ. ಕೀಯ ತಗ್ಗುಗಳು ಏರಿಳಿದಾಗ ಎತ್ತರದ್ದು ಬೇಕಾಗುತ್ತದೆ. ಮೂರನೆಯದಾಗಿ ಒಂದು ರೇಕ್ ಇರಲಿ. ಅಲೆಯಂತೆ ಏರಿಳಿತ ಇರುವ, ಕಂಡಿಯಲ್ಲಿ ಹಿಂದೆ ಮುಂದೆ ಆಡಿಸುವ ಪಿಕ್ ಅದು. ಬೊಗೋಟಾ ಅನ್ನುವ ಮೂರು ದಿಣ್ಣೆಯ ಮಾದರಿ ಪ್ರಸಿದ್ಧ. ರೇಕ್‌ನಲ್ಲಿ ಮೊದಲ ಬೀಗ ಬೇಗ ತೆರೆಯುತ್ತದೆ, ಆ ಖುಷಿಯೂ ಬೇಕು. ಆದರೆ ಯಾವ ಪಿನ್ ಯಾವಾಗ ಕೂತಿತು ಅಂತ ತಿಳಿಯುವುದಿಲ್ಲ. ಕಲಿಕೆ ನಡೆಯುವುದು ಹುಕ್‌ನಲ್ಲಿ, ಒಂದೊಂದೇ ಪಿನ್ ಎತ್ತುವಾಗ.

ಹಾಫ್ ಡೈಮಂಡ್, ಬಾಲ್ ಅನ್ನುವ ಬೇರೆ ಆಕಾರದ ಪಿಕ್‌ಗಳು, ಮುರಿದ ಕೀ ತೆಗೆಯುವ ಕೊಕ್ಕೆ, ಇವೆಲ್ಲ ಈಗ ಬೇಡ.

ಉಕ್ಕಿನ ವಿಷಯ ಮಾತ್ರ ರಾಜಿ ಬೇಡ. ಒಳ್ಳೆ ತಯಾರಕರು ಯಾವ ಉಕ್ಕು ಅಂತ ಬರೆದಿರುತ್ತಾರೆ. ಹೆಚ್ಚಾಗಿ ಕಾಣುವುದು ಎರಡು ಸ್ಟೇನ್‌ಲೆಸ್: 301 ಮತ್ತು 420. 301 ಉಕ್ಕನ್ನು ತಣ್ಣಗಿರುವಾಗಲೇ ಉರುಳೆಗಳ ನಡುವೆ ಒತ್ತಿ ಗಡಸು ಮಾಡುತ್ತಾರೆ. ಅದು ಸ್ಪ್ರಿಂಗಿನ ಗುಣದ್ದು, ಬಾಗಿದರೂ ವಾಪಸ್ ಬರುತ್ತದೆ. 420 ಕಾಯಿಸಿ ಹದ ಮಾಡಿದ್ದು, ಇನ್ನೂ ಗಡಸು, ಆದರೆ ಮಿತಿ ಮೀರಿ ಬಾಗಿಸಿದರೆ ಮುರಿಯಬಹುದು. ಹೊಸಬರ ಒರಟು ಕೈಗೆ ನಾನು 301 ಹೇಳುತ್ತೇನೆ. ಯಾವ ಉಕ್ಕು ಅಂತ ಎಲ್ಲೂ ಬರೆದಿರದ ಸೆಟ್ಟನ್ನು ಬಿಡಿ.

ಕೆನಡಾದ ಸ್ಪ್ಯಾರೋಸ್, ಅಮೆರಿಕದ ಪೀಟರ್ಸನ್ ಮತ್ತು ಸೌತ್‌ಆರ್ಡ್, ಜರ್ಮನಿಯ ಮಲ್ಟಿಪಿಕ್ ಹೆಸರು ಮಾಡಿದ ಕಂಪನಿಗಳು. ಇವರಲ್ಲಿ ಬಿಡಿ ಪಿಕ್‌ಗಳನ್ನೂ ಕೊಳ್ಳಬಹುದು. ಅಮೆರಿಕ, ಯುರೋಪಿನಲ್ಲಿ ಇರುವವರಿಗೆ ಇದು ಸಲೀಸು. ಭಾರತಕ್ಕೆ ತರಿಸುವುದಾದರೆ ಸಾಗಾಟ, ಸುಂಕ ಸೇರಿ ಬೆಲೆ ಏರುತ್ತದೆ. ಅದಕ್ಕೇ ಬಿಡಿಯಾಗಿ, ಕಡಿಮೆ ಸಂಖ್ಯೆಯಲ್ಲಿ ಆರಿಸಿ ಅನ್ನುವುದು.

ಅಥವಾ ನೀವೇ ಮಾಡಿಕೊಳ್ಳಿ. ಕಬ್ಬಿಣ ಕೊಯ್ಯುವ ಸಾಮಾನ್ಯ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.6 ಮಿಲಿಮೀಟರ್, ಪಿಕ್‌ಗೆ ಹೇಳಿಮಾಡಿಸಿದ ಹಾಗೆ. ಫೀಲರ್ ಗೇಜಿನ 0.4, 0.5ರ ಎಲೆಗಳೂ ಆಗುತ್ತವೆ. ಕಾಗದದ ಮೇಲೆ ಹುಕ್‌ನ ಆಕಾರ ಬರೆದು ಬ್ಲೇಡಿಗೆ ಅಂಟಿಸಿ, ಗ್ರೈಂಡರಿನಲ್ಲಿ ಸುತ್ತಲಿನ ಉಕ್ಕು ತೆಗೆಯಿರಿ. ಒಂದೆರಡು ಸೆಕೆಂಡ್ ಹಿಡಿದು ನೀರಿಗೆ ಅದ್ದಿ. ಮತ್ತೆ ಹಿಡಿಯಿರಿ, ಮತ್ತೆ ಅದ್ದಿ. ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದುವುದು ಒಳ್ಳೆಯದು. ಕಾರ್ಬನ್ ಉಕ್ಕು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಗಡಸು ಹೋಯಿತು ಅಂತ ಲೆಕ್ಕ, ಮುಂದೆ ಅಲ್ಲೇ ಬಾಗುತ್ತದೆ. ಕೊನೆಯ ರೂಪ ಸಣ್ಣ ಅರದಲ್ಲಿ ಕೈಯಾರೆ ಕೊಡಿ. ಸುರಕ್ಷತಾ ಕನ್ನಡಕ ಹಾಕದೆ ಗ್ರೈಂಡರ್ ಹತ್ತಿರ ಹೋಗಬೇಡಿ, ಹ್ಯಾಕ್ಸಾ ಬ್ಲೇಡ್ ಸಿಡಿದರೆ ಚೂರು ನೇರ ಮುಖಕ್ಕೇ ಬರುತ್ತದೆ.

ಹೆಜ್ಜೆ 5: ನಯ ಮಾಡಿ, ಒಮ್ಮೆ ಪರೀಕ್ಷಿಸಿ

ಕೊಂಡ ಪಿಕ್ ಆಗಲಿ ಮಾಡಿದ್ದಾಗಲಿ, ಅಂಚನ್ನು ಉಗುರಿನ ಮೇಲೆ ಎಳೆದು ನೋಡಿ. ಉಗುರು ಕೆರೆದು ಪುಡಿ ಬಂದರೆ ಅದು ಬೀಗದ ಹಿತ್ತಾಳೆಯನ್ನೂ ಕೆರೆಯುತ್ತದೆ, ಆ ಗರಗರ ಸದ್ದಿನಲ್ಲಿ ‘ಟಿಕ್’ ಮುಳುಗಿಹೋಗುತ್ತದೆ. 400ರ ಎಮರಿ ಪೇಪರ್ ನೀರಲ್ಲಿ ನೆನೆಸಿ ಉಜ್ಜಿ, ಆಮೇಲೆ 600, ಕೊನೆಗೆ 1000. ಮೂತಿಯ ತುದಿಯನ್ನು ಉರುಟು ಮಾಡಿ. ಹಿಡಿಗೆ ಎಲೆಕ್ಟ್ರಿಕ್ ಅಂಗಡಿಯ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿದರೆ ಬೆರಳು ನೋಯುವುದಿಲ್ಲ. ದಪ್ಪ ರಬ್ಬರಿನ ಹಿಡಿ ನನಗೆ ಇಷ್ಟವಿಲ್ಲ, ಅದು ಕಂಪನವನ್ನು ನುಂಗುತ್ತದೆ.

ಈಗ ಪಿಕ್ ಈ ಬೀಗಕ್ಕೆ ಸರಿಯೇ ಅಂತ ತಿಳಿಯಲು ರೆಂಚ್ ಇಲ್ಲದೆ ಹುಕ್ ಮಾತ್ರ ಒಳಗೆ ಬಿಡಿ. ಹಿಂದಿನ ಪಿನ್ನಿನಿಂದ ಶುರು ಮಾಡಿ ಒಂದೊಂದನ್ನೇ ಎತ್ತಿ ಬಿಡಿ. ಪ್ರತಿ ಸ್ಪ್ರಿಂಗೂ ಬೇರೆ ಬೇರೆಯಾಗಿ ಬೆರಳಿಗೆ ಗೊತ್ತಾಗಬೇಕು. ಎಣಿಸಿ. ಕೀಯ ಮೇಲೆ ಐದು ತಗ್ಗಿದ್ದರೆ ಐದು ಸಿಗಬೇಕು. ನಾಲ್ಕೇ ಸಿಕ್ಕರೆ ಹುಕ್ ಹಿಂದಿನವರೆಗೆ ತಲುಪಿಲ್ಲ, ಅಥವಾ ದಪ್ಪ ಜಾಸ್ತಿಯಾಗಿ ಕಂಡಿಯ ಏಣುಗಳಿಗೆ ಸಿಕ್ಕಿದೆ. ಕಣ್ಣು ಮುಚ್ಚಿ ಮೂರನೇ ಪಿನ್ನಿಗೆ ನೇರ ಹೋಗಲು ಬರುವವರೆಗೆ ಇದನ್ನೇ ಮಾಡಿ.

ಮೇಜಿಗೆ ಕಚ್ಚುವ ಸಣ್ಣ ವೈಸ್ ಒಂದಿದ್ದರೆ ಸಿಲಿಂಡರ್ ಹಿಡಿಯಲು ಅನುಕೂಲ. ಹಿತ್ತಾಳೆಗೆ ಗೀರು ಬೀಳದಂತೆ ನಡುವೆ ಬಟ್ಟೆ ಇಡಿ. ಬೀಗ ತೆರೆದ ಖುಷಿಗೆ ಪ್ಲಗ್ಗನ್ನು 180 ಡಿಗ್ರಿ ತಿರುಗಿಸಿ ಅಲ್ಲೇ ನಿಲ್ಲಿಸಬೇಡಿ. ಕಂಡಿಯ ತೆರೆದ ಬುಡ ಪಿನ್ನುಗಳ ಎದುರಿಗೆ ಬಂದಾಗ ಮೇಲಿನ ಪಿನ್ನುಗಳು ಅದರೊಳಗೆ ಇಳಿದು ಪ್ಲಗ್ ಸಿಕ್ಕಿಕೊಳ್ಳಬಹುದು.

ಈಗ ಕೊಳ್ಳಬಾರದ್ದು

ಪಿಕ್ ಗನ್, ಎಲೆಕ್ಟ್ರಿಕ್ ಪಿಕ್, ಬಂಪ್ ಕೀ ಇವು ಪಿನ್ನುಗಳನ್ನು ಬಡಿದು ಹಾರಿಸುತ್ತವೆ. ಬೀಗಕ್ಕೂ ಪೆಟ್ಟು, ಬೆರಳಿಗೆ ಕಲಿಕೆಯೂ ಇಲ್ಲ. ಪರ್ಸಿನಲ್ಲಿಡುವ ಕಾರ್ಡ್ ಆಕಾರದ ಪಿಕ್‌ಗಳಿಗೆ ಹಿಡಿಯೇ ಇರುವುದಿಲ್ಲ. ಚಾಕುವಿನಂತೆ ಮಡಚುವ ಸೆಟ್ ಕೈಗೆ ದಪ್ಪ, ಬೇರೆ ಪಿಕ್‌ಗೆ ಬದಲಿಸುವುದು ತಡ.

ಮುಂದಿನ ಖರೀದಿ ಯಾವಾಗ?

ಮೊದಲ ಬೀಗ ಕೇಳಿದಾಗೆಲ್ಲ ತೆರೆಯತೊಡಗಿದ ಮೇಲೆ ಇನ್ನೊಂದು ಬೀಗ ಕೊಳ್ಳಿ, ಪಿಕ್ ಬೇಡ. ಆ ಬೀಗದ ಕಂಡಿಗೆ 0.6 ಹೋಗದಿದ್ದರೆ ಅದೇ ಗಿಡ್ಡ ಹುಕ್‌ನ 0.4 ದಪ್ಪದ್ದನ್ನು ತರಿಸಿ. ತೆಳು ಪಿಕ್ ಬೇಗ ಬಾಗುತ್ತದೆ, ಅಷ್ಟು ಹೊತ್ತಿಗೆ ಕೈ ಹಗುರಾಗಿರುತ್ತದೆ, ನಡೆಯುತ್ತದೆ. ಹಿಂದಿನ ಪಿನ್ ಮಾತ್ರ ಸಿಗುತ್ತಿಲ್ಲ ಅನ್ನಿಸಿದರೆ ಎತ್ತರದ ಹುಕ್. ಸ್ಪೂಲ್ ಪಿನ್ ಇರುವ ಬೀಗದಲ್ಲಿ ಪ್ಲಗ್ ಇದ್ದಕ್ಕಿದ್ದಂತೆ ಸ್ವಲ್ಪ ಜಾಸ್ತಿ ತಿರುಗಿ ನಿಲ್ಲುತ್ತದೆ, ಆದರೆ ತೆರೆಯುವುದಿಲ್ಲ. ಆಗ ಸ್ಪೂಲ್ ಪಿನ್ ಎತ್ತಿದರೆ ಪ್ಲಗ್ ರೆಂಚನ್ನು ವಾಪಸ್ ತಳ್ಳುತ್ತದೆ. ಆ ತಳ್ಳುವಿಕೆಗೆ ಬಿಟ್ಟುಕೊಡುತ್ತಾ, ಕೈ ಪೂರ್ತಿ ಸಡಿಲಿಸದೆ ಹಿಡಿಯಬೇಕು. ಕಂಡಿಯಲ್ಲಿ ಅಲುಗಾಡುವ ರೆಂಚ್ ಇಟ್ಟುಕೊಂಡು ಇದು ಸಾಧ್ಯವಿಲ್ಲ. ಹಾಗಾಗಿ ಸ್ಪೂಲ್ ಬೀಗ ತರುವ ದಿನ ಹೊಸ ಪಿಕ್ ಹುಡುಕುವ ಬದಲು ಫೀಲರ್ ಗೇಜ್ ತೆಗೆದು ಕಂಡಿ ಅಳೆದು, ಅದಕ್ಕೆ ಸರಿಯಾಗಿ ಒಂದು ಟಿಒಕೆ ರೆಂಚನ್ನು ಅರದಲ್ಲಿ ತಿದ್ದಿಟ್ಟುಕೊಳ್ಳಿ.